ಶುಕ್ರವಾರದ ಶಾಸನಗಳು: ನಾಲ್ಕನೇ ತರಗತಿ ‘ಬಿ’ ವಿಭಾಗದ ವಾರದ ವರದಿಯನ್ನು ಕುರಿತು ಒಂದು ಗಂಭೀರ ವಿವೇಚನೆ

ಕನ್ನಡ ನಾಡಿನ ಶಾಸನಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದವರಲ್ಲಿ ಬಿ. ಎಲ್. ರೈಸ್ ಮೊದಲಿಗರು. ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳು 1886ರಿಂದ ಹೊರಬರತೊಡಗಿದವು. ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ, ಗುಡಿಯ ಹಿಂಗೋಡೆಯಲ್ಲಿ ಸಿಕ್ಕ ಕಲ್ಲನ್ನೆಲ್ಲ ಓದಿಸಿ ಅಚ್ಚು ಹಾಕಿಸಿದ ಆ ಮಹನೀಯರ ಕಣ್ಣಿಗೆ ಒಂದು ಪ್ರಕಾರ ಮಾತ್ರ ಬೀಳದೆ ಹೋಯಿತು. ಪ್ರಾಥಮಿಕ ಶಾಲೆಯ ಮಿಸ್ಸು ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ ಪ್ರತಿ ಶುಕ್ರವಾರ ಹಾಕುವ ವಾರದ ವರದಿ ಅದು. ರೈಸ್ ಸಾಹೇಬರ ಕಾಲಕ್ಕೆ ವಾಟ್ಸಾಪ್ ಇರಲಿಲ್ಲ ಎಂಬ ಸಮಜಾಯಿಷಿ ಇದೆ, ಒಪ್ಪೋಣ. ಆದರೆ ಅವರ ನಂತರ ಬಂದ ವಿದ್ವಾಂಸರ ಮಕ್ಕಳೂ ಶಾಲೆಗೆ ಹೋಗುತ್ತಾರಲ್ಲ, ಅವರಿಗೇನಾಗಿತ್ತು?

ಈ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಆಕರ: ಬೆಂಗಳೂರಿನ ಹೊರವಲಯದ ಒಂದು ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಯ ನಾಲ್ಕನೇ ತರಗತಿ ‘ಬಿ’ ವಿಭಾಗದ ಗ್ರೂಪು. ಫೀಸಿನ ಎರಡನೇ ಕಂತು ಇನ್ನೂ ಬಾಕಿಯಿರುವುದರಿಂದ ಶಾಲೆಯ ಹೆಸರನ್ನು ಬಿಟ್ಟಿದೆ.

ಹಳಗನ್ನಡ, ನಡುಗನ್ನಡ, ಹೊಸಗನ್ನಡ ಎನ್ನುವ ಹಾಗೆ ಈ ಸಾಹಿತ್ಯಕ್ಕೂ ಮೂರು ಕಾಲಘಟ್ಟಗಳಿವೆ. ಮೊದಲನೆಯದು ಮೌಖಿಕ ಯುಗ. “ನಾಳೆ ನಿಮ್ಮಪ್ಪನ್ನ ಕರ್ಕೊಂಡು ಬಾ” ಎಂಬ ಒಂದೇ ವಾಕ್ಯದ ವಾಙ್ಮಯ. ಸುದ್ದಿ ಹೊತ್ತು ತರಬೇಕಾದವನೇ ಆರೋಪಿಯೂ ಆಗಿರುತ್ತಿದ್ದುದರಿಂದ ಈ ಯುಗದ ಬಹುಪಾಲು ಪಠ್ಯ ದಾರಿಯಲ್ಲೇ ಕಳೆದುಹೋಗಿದೆ. ಎರಡನೆಯದು ಡೈರಿ ಯುಗ. ಬಲಗಡೆ ‘ಪೋಷಕರ ಸಹಿ’ ಎಂಬ ಅಂಕಣ, ಅದರಲ್ಲಿ ಮಗನೇ ಹಾಕಿದ ಅಪ್ಪನ ಸಹಿ. ಶಾಸನಶಾಸ್ತ್ರದಲ್ಲಿ ಇಂಥದ್ದನ್ನು ಕೂಟಶಾಸನ ಎನ್ನುತ್ತಾರೆ. ಗಂಗರ ಹೆಸರಿನ ಎಷ್ಟೋ ತಾಮ್ರಪಟಗಳನ್ನು ಕೂಟವೆಂದು ತಳ್ಳಿಹಾಕಿದ ಜೆ. ಎಫ್. ಫ್ಲೀಟ್ ನಮ್ಮ ಕಾಲದ ಡೈರಿಗಳನ್ನು ಕಂಡಿದ್ದರೆ ಗಂಗರ ಮೇಲೆ ಸ್ವಲ್ಪ ಕನಿಕರ ತೋರಿಸುತ್ತಿದ್ದರು. ಮೂರನೆಯದು 2020ರ ಮಾರ್ಚ್‌ನಲ್ಲಿ ಶಾಲೆಗಳು ಬಾಗಿಲು ಹಾಕಿದ ಮೇಲಿನ ಫೋನ್ ಯುಗ. ಆ ವರ್ಷ ಸರ್ಕಾರದ ‘ವಿದ್ಯಾಗಮ’ ಯೋಜನೆ, ಮನೆಯಲ್ಲಿ ಯಾವ ಬಗೆಯ ಫೋನಿದೆ, ಇದೆಯೋ ಇಲ್ಲವೋ ಎಂದು ನೋಡಿ ಮಕ್ಕಳನ್ನು ಗುಂಪು ಮಾಡಿತು. ಬುದ್ಧಿ ನೋಡಿ ಸೆಕ್ಷನ್ ಮಾಡುತ್ತಿದ್ದ ಕಾಲದಿಂದ ಹ್ಯಾಂಡ್‌ಸೆಟ್ ನೋಡಿ ಗುಂಪು ಮಾಡುವ ಕಾಲಕ್ಕೆ ಬಂದೆವು. ಶಾಲೆ ತೆರೆದ ಮೇಲೂ ಗ್ರೂಪು ಮುಚ್ಚಲಿಲ್ಲ.

ಇನ್ನು ರಚನೆಯ ವಿಚಾರ. ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕಿ 1936ರಲ್ಲಿ ಎಂ. ಎಚ್. ಕೃಷ್ಣ ಅವರಿಂದ ಬೆಳಕಿಗೆ ಬಂದ, ಸುಮಾರು ಕ್ರಿ.ಶ. 450ರ ಶಾಸನವನ್ನು ತೆಗೆದುಕೊಳ್ಳಿ. ಮೊದಲು ವಿಷ್ಣುಸ್ತುತಿ, ಆಮೇಲೆ ಆಳುವವರ ಹೊಗಳಿಕೆ, ಆಮೇಲೆ ಯಾರಿಗೆ ಏನು ಕೊಟ್ಟದ್ದು, ಕೊನೆಗೆ ಇದನ್ನು ಅಳಿದವನಿಗೆ ಮಹಾಪಾಪ. ಹದಿನಾರು ಸಾಲಿನಲ್ಲಿ ಎಲ್ಲ ಮುಗಿಯಿತು. ನಮ್ಮ ಶುಕ್ರವಾರದ ಶಾಸನ ಈ ಚೌಕಟ್ಟಿನಿಂದ ಒಂದು ಅಂಗುಲವೂ ಆಚೀಚೆ ಸರಿದಿಲ್ಲ.

“ಡಿಯರ್ ಪೇರೆಂಟ್ಸ್, ಗ್ರೀಟಿಂಗ್ಸ್ ಆಫ್ ದಿ ಡೇ” ಎಂಬುದು ಮಂಗಳಾಚರಣೆ. ಇದು ರಾತ್ರಿ ಹತ್ತಕ್ಕೆ ಬಂದರೂ ಆಫ್ ದಿ ಡೇ ಎಂದೇ ಇರುತ್ತದೆ. ಬಳಿಕ ಪ್ರಶಸ್ತಿ: ಈ ವಾರ ಮಕ್ಕಳು ಗಣಿತದಲ್ಲಿ ಭಿನ್ನರಾಶಿ, ಪರಿಸರ ಅಧ್ಯಯನದಲ್ಲಿ ಬೇರಿನ ವಿಧಗಳು, ಕನ್ನಡದಲ್ಲಿ ಒತ್ತಕ್ಷರಗಳನ್ನು ಬಹಳ ಉತ್ಸಾಹದಿಂದ ಕಲಿತರು ಎಂಬ ಭಾಗ. ಸಮಧಿಗತಪಂಚಮಹಾಶಬ್ದ ಎಂದು ಶುರುವಾಗುವ ಬಿರುದಾವಳಿಯನ್ನು ಚರಿತ್ರಕಾರರು ಹೇಗೆ ಬೇಗಬೇಗ ದಾಟಿ ದಾನದ ವಿವರಕ್ಕೆ ಬರುತ್ತಾರೋ, ಪೋಷಕರೂ ಹಾಗೆಯೇ ಈ ಭಾಗವನ್ನು ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳಿ ‘ಸೋಮವಾರ ತರಬೇಕಾದ ವಸ್ತುಗಳು’ ಎಂಬಲ್ಲಿಗೆ ಬಂದು ನಿಲ್ಲುತ್ತಾರೆ. ಪ್ರಬಂಧಕಾರನ ಅವಲೋಕನದಲ್ಲಿ ಪ್ರಶಸ್ತಿಯನ್ನು ಪೂರ್ತಿ ಓದಿದ ಪೋಷಕರು ಯಾರೂ ಇಲ್ಲ. ಓದಿದ್ದಾಗಿ ಹೇಳಿಕೊಂಡವರು ಒಬ್ಬರಿದ್ದರು, ಅವರ ಮಗು ‘ಎ’ ವಿಭಾಗದಲ್ಲಿತ್ತು.

ದಾನದ ಭಾಗದಲ್ಲಿ ಮಾತ್ರ ಒಂದು ಮೂಲಭೂತ ವ್ಯತ್ಯಾಸವಿದೆ. ಅಲ್ಲಿ ಬರೆಸಿದವನೇ ಕೊಡುತ್ತಿದ್ದ. ಇಲ್ಲಿ ಬರೆಯುವವರು ಒಬ್ಬರು, ಕೊಡುವವರು ನಾವು. ಚಾರ್ಟ್ ಪೇಪರ್ ಎರಡು, ಐಸ್‌ಕ್ರೀಂ ಕಡ್ಡಿ ಇಪ್ಪತ್ತು, ಗ್ಲಿಟರ್ ಪೆನ್ನು, ಹಳೆಯ ಸಿ.ಡಿ. ಒಂದು. (ಹಳೆಯ ಸಿ.ಡಿ. ಈಗ ಹಳೆಯ ತಾಮ್ರಪಟಕ್ಕಿಂತ ದುರ್ಲಭ ಎಂಬುದನ್ನು ಶಿಕ್ಷಣ ಇಲಾಖೆ ಗಮನಿಸಬೇಕು.)

ಭಾಷೆಯ ಬಳಕೆಯಲ್ಲೂ ಪರಂಪರೆ ಎದ್ದು ಕಾಣುತ್ತದೆ. ಎಷ್ಟೋ ತಾಮ್ರಪಟಗಳಲ್ಲಿ ಅರಸನ ವಂಶಾವಳಿ ಸಂಸ್ಕೃತದಲ್ಲಿ ಇರುತ್ತದೆ, ಕೊಟ್ಟ ಭೂಮಿಯ ಎಲ್ಲೆಗಳು ಮಾತ್ರ ಕನ್ನಡದಲ್ಲಿ. ಅರಸನ ಕೀರ್ತಿ ಯಾರಿಗೂ ಅರ್ಥವಾಗದಿದ್ದರೆ ನಷ್ಟವಿಲ್ಲ. ಹುಣಸೆಮರದಿಂದ ಮೂಡಲಿಗೋ ಪಡುವಲಿಗೋ ಎಂದು ಗೊತ್ತಾಗದಿದ್ದರೆ ತಲೆ ಒಡೆಯುತ್ತವೆ. ಮಿಸ್ಸಿಗೂ ಇದು ಗೊತ್ತು. ವರದಿಯೆಲ್ಲ ಇಂಗ್ಲಿಷಿನಲ್ಲಿ ಬಂದ ಅರ್ಧ ಗಂಟೆಗೆ ಅಚ್ಚಕನ್ನಡದಲ್ಲಿ ಒಂದು ವಾಯ್ಸ್ ಮೆಸೇಜು ಬರುತ್ತದೆ: “ಪೇರೆಂಟ್ಸ್, ಸೋಮವಾರ ಒಂದು ಗಿಡ ಬೇಕು. ಬೇರು ಕಟ್ ಆಗ್ಬಾರ್ದು. ಮಣ್ಣು ತೊಳ್ದು ಪೇಪರ್‌ನಲ್ಲಿ ಸುತ್ತಿ ಕಳ್ಸಿ, ಹೋದ್ ವರ್ಷ ಬ್ಯಾಗೆಲ್ಲ ಕೆಸರಾಗಿತ್ತು.”

ಈ ಒಂದು ಆಜ್ಞೆ ಜಾರಿಗೆ ಬಂದ ಬಗೆಯನ್ನು ಸ್ವಲ್ಪ ವಿವರವಾಗಿ ದಾಖಲಿಸುವುದು ಅಗತ್ಯ. ಬೇಕಾಗಿದ್ದುದು ತಾಯಿಬೇರಿನ ಗಿಡ. ಶುಕ್ರವಾರ ಬಂದ ಆಜ್ಞೆ ಭಾನುವಾರ ರಾತ್ರಿ ಒಂಬತ್ತರವರೆಗೆ ಯಾರ ನೆನಪಿಗೂ ಬರಲಿಲ್ಲ. ಬಂದ ತಕ್ಷಣ ಒಬ್ಬ ತಂದೆ, ಸಾಫ್ಟ್‌ವೇರಿನವರು, ಬರ್ಮುಡಾ ಚಡ್ಡಿಯಲ್ಲೇ ಮನೆ ಪಕ್ಕದ ಖಾಲಿ ಸೈಟಿಗೆ ಇಳಿದರು. ಎಡಗೈಯಲ್ಲಿ ಫೋನಿನ ಟಾರ್ಚು, ಬಲಗೈಯಲ್ಲಿ ದೋಸೆ ಮಗುಚುವ ಕೈ. ಬೀದಿನಾಯಿಗಳು ಸುತ್ತುವರಿದವು. ಎದುರು ಮನೆಯ ಮಹಡಿಯಿಂದ ಹಿರಿಯರೊಬ್ಬರು “ಯಾರ್ರೀ ಅದು, ಸೈಟ್ ಓನರ್ರಾ?” ಎಂದು ಕೂಗಿದರು. ಇವರು “ಇಲ್ಲ ಸಾರ್, ಇ.ವಿ.ಎಸ್.” ಎಂದರು. ಕಾಲು ಗಂಟೆ ಬಗೆದು ತಂದದ್ದು ಒಂದು ಹಿಡಿ ಗರಿಕೆ. ಹುಲ್ಲಿಗೆ ಇರುವುದು ತಂತುಬೇರು ಎಂದು ಒಂಬತ್ತು ವರ್ಷದ ಮಗಳು ಬಾಗಿಲಲ್ಲೇ ತೀರ್ಪು ಕೊಟ್ಟಳು. ಅವರು ಮತ್ತೆ ಇಳಿದು ಸೊಂಟದೆತ್ತರದ ಕಾಂಗ್ರೆಸ್ ಗಿಡ ಕಿತ್ತು ಸೀನುತ್ತ ಬರುವಷ್ಟರಲ್ಲಿ, ತಾಯಿ ಫ್ರಿಜ್ಜಿನ ಕೊತ್ತಂಬರಿ ಕಟ್ಟಿನಿಂದ ಬೇರು ಸಮೇತ ಒಂದು ಎಳೆ ತೆಗೆದು, ತೊಳೆದು, ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿ ಆಗಿತ್ತು. ಕೊತ್ತಂಬರಿಯದೂ ತಾಯಿಬೇರೇ. ಪಠ್ಯದಲ್ಲಿ ‘ಪೇರೆಂಟ್ಸ್’ ಎಂದಿದ್ದರೂ ಆಜ್ಞೆ ಪಾಲನೆಯಾಗುವುದು ಯಾರಿಂದ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಡ. ಗ್ರೂಪಿನಲ್ಲಿ ಅಪ್ಪಂದಿರೂ ಇದ್ದಾರೆ. ಮ್ಯೂಟ್ ಮಾಡಿಕೊಂಡು ವೀರಗಲ್ಲುಗಳ ಹಾಗೆ ನಿಂತಿದ್ದಾರೆ. ಆ ವಾರ ತರಗತಿಗೆ ಹನ್ನೊಂದು ಕಾಂಗ್ರೆಸ್ ಗಿಡ ಬಂದವೆಂದು ತಿಳಿದುಬಂದಿದೆ. ಮರುಶುಕ್ರವಾರದ ಶಾಸನದಲ್ಲಿ ‘ಅಲರ್ಜಿ ತರುವ ಗಿಡ ಕಳಿಸತಕ್ಕದ್ದಲ್ಲ’ ಎಂಬ ತಿದ್ದುಪಡಿ ಕಾಣಿಸಿಕೊಂಡಿತು.

ಶಾಪಾಶಯಕ್ಕೆ ಬರೋಣ. ದಾನ ಕೊಟ್ಟ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ, ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುತ್ತಾನೆ ಎಂದು ನಮ್ಮ ಶಾಸನಗಳು ಹೇಳುತ್ತ ಬಂದಿವೆ. ಶಾಲೆ ಅಷ್ಟು ದೂರ ಹೋಗುವುದಿಲ್ಲ. ‘ಪ್ರಾಜೆಕ್ಟ್ ಕೊಡದವರ ಹೆಸರನ್ನು ಸೋಮವಾರ ಗ್ರೂಪಿನಲ್ಲಿ ಹಾಕಲಾಗುವುದು’ ಎನ್ನುತ್ತದೆ, ಅಷ್ಟೆ. ಎರಡನ್ನೂ ತೂಗಿ ನೋಡಿದರೆ ಹುಳುವಿನ ಜನ್ಮವೇ ವಾಸಿ. ಯಾವ ಹುಳು ಯಾರ ಅಪ್ಪ ಎಂದು ಅಲ್ಲಿ ಯಾರಿಗೂ ತಿಳಿಯುವುದಿಲ್ಲ.

ಕಾಲನಿರ್ಣಯದ ತೊಡಕು ಬೇರೆ. ಶಾಸನದಲ್ಲಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಲ್ಲ ಇದ್ದರೂ ವಿದ್ವಾಂಸರು ಸ್ವಾಮಿಕಣ್ಣು ಪಿಳ್ಳೈ ಅವರ ‘ಇಂಡಿಯನ್ ಎಫಿಮೆರಿಸ್’ ತೆಗೆದು ತಾಳೆ ನೋಡುತ್ತಾರೆ. ಮಿಸ್ಸು ರಾತ್ರಿ 11.52ಕ್ಕೆ ‘ನಾಳೆ ಹಳದಿ ಡ್ರೆಸ್’ ಎಂದು ಬರೆದು ಮಲಗುತ್ತಾರೆ. ಅದನ್ನು ಬೆಳಿಗ್ಗೆ ಆರಕ್ಕೆ ಓದಿದವರಿಗೆ ನಾಳೆ ಎಂದರೆ ಯಾವ ದಿನ? ನಲವತ್ತು ಯೂನಿಫಾರ್ಮುಗಳ ನಡುವೆ ಒಂದೇ ಒಂದು ಹಳದಿ ಫ್ರಾಕು ಪ್ರಾರ್ಥನೆಗೆ ನಿಂತ ದಿನವನ್ನು ಆ ಮಗು ಮರೆತರೂ ಅದರ ಅಜ್ಜಿ ಮರೆತಿಲ್ಲ.

ತ್ರುಟಿತ ಶಾಸನಗಳದ್ದು ಇನ್ನೊಂದು ಕತೆ. ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂಬ ಸಾಲು ಕಂಡರೆ ಸಾಕು, ಮಿಸ್ಸು ಇಲ್ಲದ ಇನ್ನೊಂದು ಗ್ರೂಪಿನಲ್ಲಿ (ಪ್ರತಿ ತರಗತಿಗೂ ಇಂಥದ್ದೊಂದು ಇರುತ್ತದೆ, ನಿಜವಾದ ವ್ಯಾಖ್ಯಾನ ಪರಂಪರೆ ಇರುವುದೇ ಅಲ್ಲಿ) ಪಾಠಾಂತರಗಳು ಹುಟ್ಟುತ್ತವೆ. ಟೆಸ್ಟ್ ಮುಂದಕ್ಕೆ ಹೋಯಿತೆಂದು ಒಬ್ಬರು, ರಜೆ ಕೊಟ್ಟು ಹಿಂದೆ ತೆಗೆದುಕೊಂಡರೆಂದು ಇನ್ನೊಬ್ಬರು. ಮಿಸ್ಸಿನ ಮಗ ಫೋನು ಒತ್ತಿರಬೇಕೆಂಬ ಸರಳ ಊಹೆಯನ್ನು ಯಾವ ವ್ಯಾಖ್ಯಾನಕಾರರೂ ಒಪ್ಪುವುದಿಲ್ಲ.

ಕೊನೆಯದಾಗಿ ಕರ್ತೃತ್ವ. ‘ಕವಿರಾಜಮಾರ್ಗ’ವನ್ನು ಬರೆದವನು ನೃಪತುಂಗನೋ ಶ್ರೀವಿಜಯನೋ ಎಂಬ ಚರ್ಚೆ ಎಷ್ಟು ದಿನ ನಡೆಯಿತೆಂದು ಬಲ್ಲವರು ಬಲ್ಲರು. ಕೃತಿಯಲ್ಲಿ ಬರುವ ‘ನೃಪತುಂಗದೇವಾನುಮತ’ ಎಂಬ ಮಾತು ಗಂಟನ್ನು ಬಿಡಿಸಲು ನೆರವಾಯಿತು: ಬರೆದವನೊಬ್ಬ, ಹೂಂ ಎಂದವನೊಬ್ಬ. ವಾರದ ವರದಿಯೂ ಹೀಗೆಯೇ. ಮಿಸ್ಸು ಬರೆದದ್ದು ಕೋಆರ್ಡಿನೇಟರಿಗೆ ಹೋಗಿ, ಅಲ್ಲಿ ‘ಚೆನ್ನಾಗಿ’ ಎಂಬುದು ‘ಅತ್ಯುತ್ಸಾಹದಿಂದ’ ಎಂದಾಗಿ, ಪ್ರಿನ್ಸಿಪಾಲರ ಅನುಮತ ಪಡೆದು ಬರುತ್ತದೆ. ಶುಕ್ರವಾರ ಸಂಜೆಯದು ರಾತ್ರಿಯಾಗುವುದು ಈ ಕಾರಣಕ್ಕೆ.

ಆದರೂ ಮೂಲ ಕರ್ತೃವನ್ನು ಕಾಣದೆ ಪ್ರಬಂಧ ಮುಗಿಸುವುದು ಶಾಸ್ತ್ರಸಮ್ಮತವಲ್ಲವೆಂದು ಪ್ರಬಂಧಕಾರನು ಪೋಷಕರ ಸಭೆಯ ದಿನ ಸಾಲಿನಲ್ಲಿ ನಿಂತು ಮಿಸ್ಸನ್ನು ಭೇಟಿಯಾದನು. ಅವರ ಮುಂದೆ ತಿದ್ದಬೇಕಾದ ನೋಟ್‌ಬುಕ್ಕುಗಳ ಎರಡು ರಾಶಿ, ಪಕ್ಕದಲ್ಲಿ ಬಿಚ್ಚದ ಟಿಫಿನ್ ಡಬ್ಬಿ. ಪ್ರಶಸ್ತಿ ಭಾಗದ ‘ಮಕ್ಕಳು ಅತ್ಯುತ್ಸಾಹದಿಂದ ಕಲಿತರು’ ಎಂಬಲ್ಲಿ ಆ ಉತ್ಸಾಹದ ಸ್ವರೂಪವೇನು ಎಂದು ಕೇಳಲಾಯಿತು.

“ಅಯ್ಯೋ ಸರ್, ಅದು ಹೋದ ವರ್ಷದ್ದು, ಕಾಪಿ ಪೇಸ್ಟು. ಡೇಟ್ ಮಾತ್ರ ಬದಲಾಯಿಸ್ತೀನಿ” ಎಂದರು ಮಿಸ್ಸು. “ಮೊದಮೊದಲು ನಾನೇ ಕೂತು ಬರೀತಿದ್ದೆ. ಯಾವ ಮಗು ಏನು ಕೇಳ್ತು, ಯಾರು ಹೊಸದಾಗಿ ಓದೋಕೆ ಕಲಿತರು, ಎಲ್ಲ. ಒಬ್ಬರಾದ್ರೂ ಅದರ ಬಗ್ಗೆ ಒಂದು ಮಾತು ಕೇಳಿಲ್ಲ ಸರ್. ಗಿಡ ತನ್ನಿ ಅಂದ್ರೆ ಮೂವತ್ತು ಫೋನ್ ಬರುತ್ತೆ.” ಆಮೇಲೆ ರಾಶಿಯಿಂದ ಒಂದು ಪುಸ್ತಕ ಎಳೆದು, “ಇದಕ್ಕಿನ್ನೂ ಬೈಂಡ್ ಹಾಕಿಲ್ಲ ನೀವು” ಎಂದು ಸೇರಿಸಿದರು.

ಈ ಹೇಳಿಕೆಯಿಂದ ಸಂಶೋಧನೆಗೆ ಹೊಸ ತಿರುವು ಸಿಕ್ಕಿದೆ. ಈಗ ಲಭ್ಯವಿರುವುದು ಪ್ರತಿಯ ಪ್ರತಿ ಎಂದಾಯಿತು. ಅವರು ಕೂತು ಬರೆದ ಆ ಮೊದಲ ಪಾಠಗಳು ಈಗ ಹೈಸ್ಕೂಲಿನಲ್ಲಿರುವ ಮಕ್ಕಳ ಮನೆಯ ಹಳೆಯ ಫೋನುಗಳಲ್ಲಿ, ಯಾರೂ ಓದದ ಸ್ಥಿತಿಯಲ್ಲಿ, ಸುರಕ್ಷಿತವಾಗಿರುವ ಸಾಧ್ಯತೆಯಿದೆ. ಅಂಥ ಫೋನುಳ್ಳವರು, ಸ್ಕ್ರೀನ್ ಒಡೆದಿದ್ದರೂ ಚಿಂತೆಯಿಲ್ಲ, ದಯವಿಟ್ಟು ಚಾರ್ಜರಿನೊಂದಿಗೆ ಸಂಪರ್ಕಿಸಬೇಕು.