ಭಾವನ ಗಾಲಿಮನೆ

ಮಿಷಿಗನ್‌ನಲ್ಲಿರುವ ನಮ್ಮ ಭಾವ ಹಳೆಯ ಮೋಟರ್‌ಹೋಮ್ ಕೊಂಡ ಮೇಲೆ, ಶನಿವಾರ ಬಂತೆಂದರೆ ಆಸಾಮಿ ಅದರ ಮೇಲಿರುತ್ತಾರೆ, ಇಲ್ಲವೇ ಅಡಿಯಲ್ಲಿ. ಒಳಗೆ ಕೂತದ್ದನ್ನು ಕಂಡವರಿಲ್ಲ. ಛಾವಣಿಯ ಸಂದಿಗೆಲ್ಲ ಸೀಲಂಟ್ ಮೆತ್ತಬೇಕು. ಮಳೆನೀರು ಒಳಹೊಕ್ಕರೆ ಪ್ಲೈವುಡ್ ನೆನೆದ ಹಪ್ಪಳ.

ಫ್ರಿಜ್ಜಿನ ಗತ್ತಂತೂ ಕೇಳಬೇಡಿ. ಕಂಪ್ರೆಸರ್ ಇಲ್ಲ, ಗ್ಯಾಸಿನ ಉರಿಯಿಂದ ಅಮೋನಿಯಾ ಕಾಯಿಸಿಕೊಂಡು ತಣ್ಣಗಾಗುವ ಜಾತಿ ಅದು. ಗಾಡಿ ಓರೆಯಾಗಿ ನಿಂತರೆ ಒಳಗಿನ ದ್ರವ ಸರಿಯಾಗಿ ಹರಿಯದೆ ಮುಷ್ಕರ! ಹಾಗಾಗಿ ಎಲ್ಲಿ ತಂಗಿದರೂ ಭಾವ ರಸಮಟ್ಟ ಹಿಡಿದು, ಚಕ್ರದಡಿ ಹಲಗೆಯಿಟ್ಟು, "ಇನ್ನೊಂಚೂರು ಮುಂದೆ" ಎಂದು ಕೂಗುತ್ತಾರೆ. ಸ್ಟಿಯರಿಂಗ್ ಹಿಡಿದ ಅಕ್ಕ, "ರೀ, ಒಂದು ಪಾವು ಮೊಸರಿಗೆ ಇಷ್ಟೊಂದು ಕಸರತ್ತೇನ್ರೀ?" ಅನ್ನುತ್ತಾಳೆ.

ಚಳಿಗಾಲಕ್ಕೆ ಮುಂಚೆ ಪೈಪಿನ ನೀರೆಲ್ಲ ಬಸಿದು ಗುಲಾಬಿ ಬಣ್ಣದ ಆಂಟಿಫ್ರೀಜ್ ತುಂಬಬೇಕು. ಇಲ್ಲವಾದರೆ ನೀರು ಹೆಪ್ಪುಗಟ್ಟಿ ಪೈಪು ಒಡೆಯುತ್ತದೆ. ಶೌಚದ ಟ್ಯಾಂಕಿನ ವಿಚಾರ ಬಿಡಿ, ನೀವು ಊಟಕ್ಕೆ ಕೂತಿರಬಹುದು.

ಭಾವನ ಸ್ವಂತ ಸುಧಾರಣೆಯೆಂದರೆ ಅಡುಗೆ ಕಪಾಟಿಗೆ ಹಾಕಿದ ಅಯಸ್ಕಾಂತದ ಚಿಲಕ. "ಎಂಥಾ ತಿರುವು ಬಂದರೂ ಒಂದು ಡಬ್ಬಿ ಬೀಳಲ್ಲ" ಎಂದು ಬೀಗಿದ್ದರು. ನಿಜ, ಬೀಳಲಿಲ್ಲ. ಒಗ್ಗರಣೆ ಹೊತ್ತಿಗೆ ಬಾಗಿಲೂ ತೆರೆಯಲಿಲ್ಲ. ಅಕ್ಕ ಈಗ ಸಾಸಿವೆ ಬೇಕೆಂದರೆ ಸೌಟಿನ ಹಿಡಿ ತೂರಿಸಿ ಮೀಟುತ್ತಾಳೆ.