‘ದಿ’ ಹೋದರೆ ಹೋಗಲಿ ಬಿಡಿ

ಇಂಗ್ಲಿಷಿನಲ್ಲಿ ದೇವರಿಗೆ ಆರ್ಟಿಕಲ್ ಇಲ್ಲ, ಸೈತಾನನಿಗೆ ಇದೆ. ದೇವರನ್ನು ‘ಗಾಡ್’ ಎಂದರೆ ಸಾಕು. ಆ ಕಡೆಯವನನ್ನು ಮಾತ್ರ ‘ದಿ ಡೆವಿಲ್’ ಎಂದು ಮರ್ಯಾದೆ ಕೊಟ್ಟು ಕರೆಯಬೇಕು. ಸ್ವರ್ಗಕ್ಕೂ ಇಲ್ಲ, ನರಕಕ್ಕೂ ಇಲ್ಲ, ಎರಡಕ್ಕೂ ಸೇರದ ಆಕಾಶಕ್ಕೆ ಇದೆ. ಸೂರ್ಯನಿಗೆ, ಚಂದ್ರನಿಗೆ ‘ದಿ’ ಬೇಕು. ಮಂಗಳ, ಬುಧ, ಗುರು, ಶುಕ್ರರಿಗೆ ಬೇಡ. ಕೊನೆಗೆ ಶನಿಗೂ ಬೇಡವಂತೆ! ನಮ್ಮ ದೇವಸ್ಥಾನಗಳಲ್ಲಿ ನವಗ್ರಹಗಳೆಲ್ಲ ಒಂದೇ ಕಟ್ಟೆ ಹಂಚಿಕೊಂಡು, ಒಂದೇ ಪ್ರದಕ್ಷಿಣೆಯಲ್ಲಿ ಸಮಾಧಾನಪಟ್ಟುಕೊಂಡು ಕೂತಿರುವಾಗ ಇಂಗ್ಲಿಷಿನವರು ಅವರಲ್ಲೂ ಪಂಕ್ತಿಭೇದ ಮಾಡಿಟ್ಟಿದ್ದಾರೆ.

ಆರ್ಟಿಕಲ್ ಎಲ್ಲಿ ಹಾಕಬೇಕು ಎನ್ನುವುದನ್ನು ಹೇಗೋ ಕಲಿತುಬಿಡಬಹುದು. ಎಲ್ಲಿ ಹಾಕಬಾರದು ಎನ್ನುವುದು ಪ್ರಾಣಸಂಕಟ. ರೆನ್ ಮತ್ತು ಮಾರ್ಟಿನ್ ವ್ಯಾಕರಣದಲ್ಲಿ ಅದಕ್ಕೆಂದೇ ಒಂದು ಭಾಗವಿದೆ. ಹೈಸ್ಕೂಲಿನ ದಿನಗಳಲ್ಲಿ ಅದನ್ನು ಉರು ಹೊಡೆದು, ಪರೀಕ್ಷೆ ಮುಗಿದ ಸಂಜೆಯೇ ಮರೆತವರು ನಮ್ಮ ನಾಡಿನಲ್ಲಿ ಲೆಕ್ಕಕ್ಕೆ ಸಿಗುವುದಿಲ್ಲ. ಈ ರೆನ್ ಸಾಹೇಬರು ಆಗಿನ ಬಾಂಬೆ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿದ್ದವರು. ಆಮೇಲೆ 1924ರಲ್ಲಿ ‘ಬೋ ಜೆಸ್ಟ್’ ಎಂಬ ಸಾಹಸದ ಕಾದಂಬರಿ ಬರೆದು ದೊಡ್ಡ ಹೆಸರು ಮಾಡಿದರು. ನಮ್ಮ ತಲೆಗೆ ಇಷ್ಟೆಲ್ಲ ನಿಯಮ ಕಟ್ಟಿದವರು ತಮ್ಮ ಕಾದಂಬರಿಗೆ ಮಾತ್ರ ಆರ್ಟಿಕಲ್ ಬೇಡದ ಹೆಸರಿಟ್ಟು ಪಾರಾದರು, ಜಾಣರು.

ನಮ್ಮ ಬೀದಿಯಲ್ಲಿ ನಿವೃತ್ತ ಇಂಗ್ಲಿಷ್ ಮೇಷ್ಟ್ರೊಬ್ಬರಿದ್ದಾರೆ. ಅವರನ್ನೇ ಕೇಳಿದೆ: “ಮೇಷ್ಟ್ರೇ, ಜೈಲಿಗೆ ಹೋಗೋದಕ್ಕೆ ‘ದಿ’ ಬೇಕಾ, ಬೇಡ್ವಾ?”

“ಯಾಕೆ ಹೋಗ್ತಿದ್ದೀರಿ ಅನ್ನೋದರ ಮೇಲಿದೆ ಸ್ವಾಮಿ,” ಅಂದರು.

ತಮಾಷೆಗೆ ಹೇಳಿದ್ದಲ್ಲ, ವ್ಯಾಕರಣವೇ ಹಾಗಿದೆ. ‘ವೆಂಟ್ ಟು ಜೈಲ್’ ಎಂದರೆ ಸಾಹೇಬರು ಒಳಗೆ ಹೋದರು, ನಂಬರು ಸಿಕ್ಕಿತು, ಜಾಮೀನಿಗೆ ಓಡಾಟ ಶುರುವಾಯಿತು. ‘ವೆಂಟ್ ಟು ದಿ ಜೈಲ್’ ಎಂದರೆ ಒಳಗಿದ್ದ ಗೆಳೆಯನಿಗೆ ಹಣ್ಣು ಕೊಟ್ಟು ವಾಪಸು ಬಂದರು. ಪರಪ್ಪನ ಅಗ್ರಹಾರದ ಬಾಗಿಲಲ್ಲಿ ಕಾರು ಇಳಿಯುವ ಮುಖಂಡರ ವಿಷಯ ಬರೆಯುವ ವರದಿಗಾರರು ಇದೊಂದು ಪುಟ್ಟ ಶಬ್ದವನ್ನು ಮರೆತರೆ ಮಾನನಷ್ಟ ಮೊಕದ್ದಮೆಯೇ ಗತಿ. ಶಾಲೆಗೂ ಇದೇ ಕಟ್ಟಳೆ: ಓದುವ ಮಗ ಹೋಗುವುದು ‘ಟು ಸ್ಕೂಲ್’, ಡೊನೇಷನ್ ಕಟ್ಟುವ ಅಪ್ಪ ಹೋಗುವುದು ‘ಟು ದಿ ಸ್ಕೂಲ್’. ನಿದ್ದೆ ಮಾಡುವವನು ‘ಟು ಬೆಡ್’, ಹಾಸಿಗೆಯಡಿ ತಿಗಣೆ ಹುಡುಕುವವನು ‘ಟು ದಿ ಬೆಡ್’. ಯಾವ ಉದ್ದೇಶಕ್ಕೆ ಆ ಜಾಗ ಹುಟ್ಟಿತೋ ಅದೇ ಉದ್ದೇಶಕ್ಕೆ ಹೋದರೆ ‘ದಿ’ ಉದುರಿಹೋಗುತ್ತದೆ. ಬೇರೆ ಕೆಲಸಕ್ಕೆ ಹೋದರೆ ಬಾಗಿಲಲ್ಲಿ ‘ದಿ’ ತೋರಿಸಬೇಕು.

ಕೇಳಲು ಇದು ಅಚ್ಚುಕಟ್ಟಾದ ನಿಯಮ. ಆದರೆ ಆಫೀಸಿಗೆ ಕೆಲಸ ಮಾಡಲೆಂದೇ ಹೋದರೂ ‘ಟು ದಿ ಆಫೀಸ್’ ಅನ್ನಬೇಕು. ಬ್ಯಾಂಕಿಗೆ ದುಡ್ಡಿಗೆಂದೇ ಹೋದರೂ ‘ಟು ದಿ ಬ್ಯಾಂಕ್’. ಪ್ರಾರ್ಥನೆಗೆ ‘ಟು ಚರ್ಚ್’ ಹೋಗಬಹುದು. ಅರ್ಚನೆಗೆ ‘ಟು ದಿ ಟೆಂಪಲ್’ ಹೋಗಬೇಕು, ನಮಾಜಿಗೆ ‘ಟು ದಿ ಮಾಸ್ಕ್’. ಇದರಲ್ಲಿ ಮತಭೇದವೇನೂ ಇಲ್ಲ, ಬಳಕೆಯ ಸಲಿಗೆ ಇದೆ. ಇಂಗ್ಲಿಷರು ತಲೆಮಾರುಗಳ ಕಾಲ ಚರ್ಚಿಗೆ, ಶಾಲೆಗೆ, ಹಾಸಿಗೆಗೆ ಹೋಗಿ ಹೋಗಿ ಅವುಗಳ ಆರ್ಟಿಕಲ್ ಸವೆದುಹೋಯಿತು. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುವ ಹಾಗೆ, ಸ್ವಂತದ್ದೆನಿಸಿದ ಜಾಗಕ್ಕೆ ಅವರು ‘ದಿ’ ಬಿಟ್ಟು ಹೋಗುತ್ತಾರೆ. ನಮ್ಮ ಬೆಂಗಳೂರಿನವರು ‘ಗೋಯಿಂಗ್ ಟು ಟೆಂಪಲ್’, ‘ಗೋಯಿಂಗ್ ಟು ಆಫೀಸ್’ ಅನ್ನುವುದೂ ಇದೇ ಸಲಿಗೆಯಿಂದ. ಬೆಳ್ಳಂದೂರಿನ ಟ್ರಾಫಿಕ್ಕಿನಲ್ಲಿ ಆಯಸ್ಸು ಸವೆಸಿದ ಮನುಷ್ಯನಿಗೆ ಆಫೀಸಿನ ಮುಂದಿನ ‘ದಿ’ ಸವೆಸುವ ಹಕ್ಕಿಲ್ಲವೇ? ನನ್ನ ಪ್ರಕಾರ ಧಾರಾಳವಾಗಿ ಇದೆ. ಕಾಯಿಲೆ ಬಿದ್ದ ಇಂಗ್ಲೆಂಡಿನವನು ‘ಇನ್ ಹಾಸ್ಪಿಟಲ್’, ಅದೇ ಕಾಯಿಲೆಯ ಅಮೆರಿಕದವನು ‘ಇನ್ ದಿ ಹಾಸ್ಪಿಟಲ್’. ಅವರಿಬ್ಬರಲ್ಲಿ ಯಾರ ಉತ್ತರಪತ್ರಿಕೆಗೂ ಕೆಂಪು ಶಾಯಿ ಬೀಳಲಿಲ್ಲ. ಬಿದ್ದದ್ದೆಲ್ಲ ನಮಗೇ.

ಕಾಯಿಲೆಯ ಮಾತು ಬಂತಲ್ಲ, ಅದನ್ನೂ ಮುಗಿಸಿಬಿಡೋಣ. ನೆಗಡಿಗೆ ‘ಎ’, ತಲೆನೋವಿಗೆ ‘ಎ’, ಜ್ವರಕ್ಕೂ ‘ಎ’. ಮಲೇರಿಯಾ, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಬಂದರೆ ಆರ್ಟಿಕಲ್ ಇಲ್ಲ. ಫ್ಲೂಗೆ ಯಾಕೋ ‘ದಿ’. ಮಾತ್ರೆ ಅಂಗಡಿಯಲ್ಲಿ ವಾಸಿಯಾಗುವುದಕ್ಕೆ ‘ಎ’, ಮನೆ ಅಡ ಇಡಿಸುವುದಕ್ಕೆ ಏನೂ ಇಲ್ಲ ಎಂದು ನೆನಪಿಟ್ಟುಕೊಂಡರೆ ಮುಕ್ಕಾಲು ಪಾಲು ಸರಿಹೋಗುತ್ತದೆ.

ಕನ್ನಡದಲ್ಲಿ ಈ ರಗಳೆಯೇ ಇಲ್ಲ ಎಂದು ಎದೆ ಉಬ್ಬಿಸುವವರನ್ನು ಕಂಡಿದ್ದೇನೆ. ಸಂಸ್ಕೃತ, ಹಿಂದಿ, ಲ್ಯಾಟಿನ್, ರಷ್ಯನ್, ಚೀನಿ, ಜಪಾನಿ, ಇವಕ್ಕೂ ಆರ್ಟಿಕಲ್ ಇಲ್ಲ, ನಿಜ. ಆದರೆ ಗೊತ್ತಿದ್ದದ್ದನ್ನೂ ಗೊತ್ತಿಲ್ಲದ್ದನ್ನೂ ಬೇರೆ ಮಾಡದೆ ಯಾವ ಭಾಷೆಯ ಬಾಳೂ ಸಾಗುವುದಿಲ್ಲ. ಒಂದೂರಲ್ಲಿ ಒಬ್ಬ ರಾಜ ಇದ್ದ ಎಂದು ಅಜ್ಜಿ ಕತೆ ಶುರುಮಾಡಿದರೆ, ಮುಂದಿನ ಮಾತಿಗೆ ಅವನು ‘ಆ ರಾಜ’ ಆಗಿರುತ್ತಾನೆ. ಅಲ್ಲಿಗೆ ‘ಎ’ಯೂ ಬಂತು, ‘ದಿ’ಯೂ ಬಂತು, ಮಗುವಿಗೆ ವ್ಯಾಕರಣ ಎಂದು ತಿಳಿಯಲೂ ಇಲ್ಲ. ಇನ್ನೊಂದು ಉಪಾಯ ವಿಭಕ್ತಿಯಲ್ಲಿದೆ. ಮಗ ಹೆಣ್ಣು ನೋಡೋಕೆ ಹೋಗಿದ್ದಾನೆ ಎಂದರೆ ಉಪ್ಪಿಟ್ಟು, ಕೇಸರಿಬಾತು, ಜಾತಕ. ಹೆಣ್ಣನ್ನ ನೋಡೋಕೆ ಹೋಗಿದ್ದಾನೆ ಎಂದರೆ ಯಾವಳೋ ಒಬ್ಬಳು ಆಗಲೇ ಗೊತ್ತಾಗಿದ್ದಾಳೆ, ಮನೆಯಲ್ಲಿ ಅಪ್ಪ ಊಟ ಬಿಟ್ಟಿದ್ದಾರೆ. ಇಷ್ಟು ಸೂಕ್ಷ್ಮವಾಗಿ ‘ದಿ’ ಇಡಬಲ್ಲ ಜನ ಇಂಗ್ಲಿಷಿನಲ್ಲಿ ತಡವರಿಸುವುದನ್ನು ದಡ್ಡತನವೆಂದು ಯಾರೂ ಎಣಿಸಬಾರದು.

ಭೂಗೋಳಕ್ಕೆ ಹೋದರೆ ಇನ್ನೂ ಸೊಗಸು. ನದಿಗೆ ‘ದಿ’ ಉಂಟು, ಆದ್ದರಿಂದ ‘ದಿ ಕಾವೇರಿ’. ಜೋಗಕ್ಕೆ ಇಲ್ಲ, ಹಲಸೂರು ಕೆರೆಗೆ ಇಲ್ಲ. ಬೆಟ್ಟಸಾಲಿಗೆ ಉಂಟು, ಒಂಟಿ ಶಿಖರಕ್ಕೆ ಇಲ್ಲ. ಪಶ್ಚಿಮಘಟ್ಟಗಳ ಮುಂದೆ, ನೀಲಗಿರಿಯ ಮುಂದೆ ‘ದಿ’ ನಿಲ್ಲುತ್ತದೆ, ರಾಜ್ಯಕ್ಕೇ ಎತ್ತರವಾದ ಮುಳ್ಳಯ್ಯನಗಿರಿ ಬರಿಗಾಲಲ್ಲಿ. ದೇಶಗಳಿಗೆ ಸಾಮಾನ್ಯವಾಗಿ ಇಲ್ಲ, ಆದರೆ ನೆದರ್ಲೆಂಡ್ಸ್‌ಗೆ ಉಂಟು, ಗ್ಯಾಂಬಿಯಾ ಹಟ ಹಿಡಿದು ಇಟ್ಟುಕೊಂಡಿದೆ. ಯುಕ್ರೇನಿನವರದ್ದು ಇದಕ್ಕೆ ತಿರುಗು ಹಟ. ಹಿಂದೆ ಇಂಗ್ಲಿಷಿನಲ್ಲಿ ಅದು ‘ದಿ ಯುಕ್ರೇನ್’. ಹಾಗೆಂದರೆ ಒಂದು ಸೀಮೆ, ಯಾವುದೋ ದೊಡ್ಡ ರಾಜ್ಯದ ಮೂಲೆ ಎಂಬ ಧ್ವನಿ ಬರುತ್ತದೆ. 1991ರಲ್ಲಿ ಸ್ವತಂತ್ರರಾದ ಮೇಲೆ ಅವರು ಆ ‘ದಿ’ ಬೇಡವೇ ಬೇಡ ಅಂದರು. ಈಗ ಅದನ್ನು ಹಚ್ಚಿ ಹೇಳಿದರೆ ನೀವು ಮಾಸ್ಕೋ ಕಡೆಯವರೇ ಎಂದು ಜನ ತಿರುಗಿ ನೋಡುತ್ತಾರೆ.

ಬಿಟ್ಟುಹೋದ ಒಂದು ‘ದಿ’ಗಾಗಿ ಜಗತ್ತೇ ಜಗಳವಾಡಿದ್ದೂ ಉಂಟು. 1967ರ ಜೂನ್ ಯುದ್ಧದಲ್ಲಿ ಇಸ್ರೇಲ್ ಸಿನಾಯ್, ಗಾಜಾ, ಪಶ್ಚಿಮ ದಂಡೆ, ಗೋಲನ್ ಬೆಟ್ಟಗಳನ್ನು ಹಿಡಿಯಿತು. ಅದೇ ನವೆಂಬರ್ 22ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 242ನೇ ನಿರ್ಣಯವನ್ನು ಸರ್ವಾನುಮತದಿಂದ ಒಪ್ಪಿತು. ಬ್ರಿಟನ್ನಿನ ಲಾರ್ಡ್ ಕ್ಯಾರಡನ್ ಮಂಡಿಸಿದ ಇಂಗ್ಲಿಷ್ ಪಾಠದಲ್ಲಿ, ಇಸ್ರೇಲ್ ಪಡೆಗಳು ಹಿಂದೆ ಸರಿಯಬೇಕಾದ ಪ್ರದೇಶಗಳ ಮುಂದೆ ‘ದಿ’ ಇರಲಿಲ್ಲ. ಇಲ್ಲವಲ್ಲ, ಹಾಗಾದರೆ ಎಲ್ಲ ಪ್ರದೇಶಗಳಿಂದ ಅಂತೇನೂ ಅರ್ಥವಲ್ಲ, ಕೆಲವಾದರೂ ಸಾಕು ಎಂದಿತು ಇಸ್ರೇಲ್. ಅರಬರು ಫ್ರೆಂಚ್ ಪಾಠ ತೆಗೆದು ತೋರಿಸಿದರು. ಅದರಲ್ಲಿ ‘ದೇ ತೆರಿತ್ವಾರ್’ ಎಂದು ಆರ್ಟಿಕಲ್ ಸಮೇತ ಇದೆ. ಆಗ ಮಂಡಳಿಯಲ್ಲಿ ನಾವೂ ಇದ್ದೆವು. ಭಾರತದ ಪ್ರತಿನಿಧಿ ಜಿ. ಪಾರ್ಥಸಾರಥಿ, ಎಲ್ಲ ಪ್ರದೇಶಗಳಿಂದ ಎಂದೇ ನಾವು ಅರ್ಥ ಮಾಡಿಕೊಂಡಿದ್ದೇವೆ ಎಂದು ಅಲ್ಲೇ ಹೇಳಿದರು. ಆರ್ಟಿಕಲ್ಲೇ ಇಲ್ಲದ ನಾಡಿನವರು ಬಾರದ ಆರ್ಟಿಕಲ್ಲಿನ ಪರವಾಗಿ ನಿಂತರು! ಆ ‘ದಿ’ಯನ್ನು ಬಿಟ್ಟದ್ದು ಮರೆವಿನಿಂದಲ್ಲ, ಬೇಕೆಂದೇ. ಎರಡೂ ಕಡೆಯವರು ತಂತಮ್ಮ ಅರ್ಥ ಮಾಡಿಕೊಂಡು ಕೈ ಎತ್ತಲಿ ಎಂಬ ರಾಜತಂತ್ರ. ಐದು ದಶಕ ದಾಟಿದರೂ ವಾದ ಮುಗಿದಿಲ್ಲ.

ಇನ್ನೊಂದು ಆರ್ಟಿಕಲ್ ಚಂದ್ರನ ಮೇಲೆ ಕಳೆದುಹೋಯಿತು. 1969ರಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಕಾಲಿಟ್ಟು ಹೇಳಬೇಕೆಂದಿದ್ದದ್ದು ಒಬ್ಬ ಮನುಷ್ಯನ ಪುಟ್ಟ ಹೆಜ್ಜೆ, ಮನುಕುಲದ ದೊಡ್ಡ ಜಿಗಿತ ಎಂದು. ಭೂಮಿಯಲ್ಲಿದ್ದವರಿಗೆ ‘ಮ್ಯಾನ್’ ಮುಂದಿನ ‘ಎ’ ಕೇಳಲಿಲ್ಲ. ಅದಿಲ್ಲದ ‘ಮ್ಯಾನ್’ ಎಂದರೂ ಮನುಕುಲವೇ. ಆದ್ದರಿಂದ ಮನುಕುಲಕ್ಕೆ ಪುಟ್ಟ ಹೆಜ್ಜೆ, ಮನುಕುಲಕ್ಕೆ ದೊಡ್ಡ ಜಿಗಿತ ಎಂದಾಯಿತು. ತಾನು ‘ಎ’ ಹೇಳಲೆಂದೇ ಇದ್ದೆ ಎಂದು ಆತ ಹೇಳುತ್ತಿದ್ದ. ಧ್ವನಿಮುದ್ರಿಕೆಯನ್ನು ಕಂಪ್ಯೂಟರಿಗೆ ಹಾಕಿ ಸೀಳಿ ನೋಡಿದವರೂ ಇದ್ದಾರೆ. ಜಗತ್ತು ಮಾತ್ರ ಅರ್ಥ ಮಾಡಿಕೊಂಡು ಚಪ್ಪಾಳೆ ತಟ್ಟಿತು, ಯಾರೂ ಅರ್ಧ ಅಂಕ ಕಳೆಯಲಿಲ್ಲ.

ದುಡ್ಡಿನ ಮಾತು ಬಂದಾಗಲಂತೂ ಇಂಗ್ಲಿಷಿನವರೇ ಮೊದಲು ಕಿತ್ತೆಸೆಯುವುದು ಆರ್ಟಿಕಲ್ಲನ್ನು. ತಂತಿಗೆ ಶಬ್ದದ ಲೆಕ್ಕದಲ್ಲಿ ಕಾಸು. ‘ಮದರ್ ಸೀರಿಯಸ್ ಸ್ಟಾರ್ಟ್ ಇಮಿಡಿಯಟ್ಲಿ’ ಎಂಬ ನಾಲ್ಕು ಶಬ್ದ ನಮ್ಮ ಎಷ್ಟು ಮನೆಗಳಲ್ಲಿ ಅಳು ಎಬ್ಬಿಸಿತು, ಎಷ್ಟು ಮಂದಿಗೆ ಸುಳ್ಳು ರಜೆ ಕೊಡಿಸಿತು! 2013ರ ಜುಲೈನಲ್ಲಿ ತಂತಿ ಸೇವೆ ನಿಲ್ಲುವ ತನಕ ಯಾವ ಪೋಸ್ಟ್ ಮಾಸ್ಟರೂ ‘ದಿ’ ಎಲ್ಲಿ ಎಂದು ಕೇಳಿದ್ದಿಲ್ಲ. ಪತ್ರಿಕೆಯ ಶೀರ್ಷಿಕೆಗಳಲ್ಲಿ ಜಾಗ ಕಮ್ಮಿ, ಅಲ್ಲೂ ಆರ್ಟಿಕಲ್‌ಗೆ ಪ್ರವೇಶವಿಲ್ಲ. ಕ್ರಿಕೆಟ್ಟಿನಲ್ಲೂ ಇದೇ ಕತೆ: ದ್ರಾವಿಡ್ ನಿಲ್ಲುತ್ತಿದ್ದದ್ದು ‘ಅಟ್ ಸ್ಲಿಪ್’. ಔಟಾದವನು ‘ಲೆಗ್ ಬಿಫೋರ್ ವಿಕೆಟ್’ ಅಥವಾ ‘ಹಿಟ್ ವಿಕೆಟ್’. ಪತ್ರಿಕೆಯ ಹೆಸರಿನಲ್ಲಿ ಮಾತ್ರ ಸ್ವಲ್ಪ ಜೋಪಾನ. 1948ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಡೆಕ್ಕನ್ ಹೆರಾಲ್ಡ್ ‘ದಿ’ ಇಲ್ಲದೆ ಹಾಯಾಗಿದೆ. 1878ರ ‘ದಿ ಹಿಂದು’ವಿನ ತಲೆ ತೆಗೆದರೆ ಬೆಳಗ್ಗೆ ಏನು ಓದುತ್ತೀರಿ ಎಂಬ ಪ್ರಶ್ನೆಗೆ ಬೇರೆಯೇ ಉತ್ತರವಾಗುತ್ತದೆ.

ಕೆಲವರು ಬಿಟ್ಟು ಕೋಟ್ಯಧೀಶರಾದರು, ಕೆಲವರು ಕಟ್ಟಿಕೊಂಡು ಕೂತರು. ‘ದಿಫೇಸ್‌ಬುಕ್’ 2005ರಲ್ಲಿ ತನ್ನ ‘ದಿ’ ಕತ್ತರಿಸಿ ಬರಿಯ ಫೇಸ್‌ಬುಕ್ ಆಯಿತು. ಅಮೆರಿಕದ ಒಹಾಯೋ ಸ್ಟೇಟ್ ಯೂನಿವರ್ಸಿಟಿ 2022ರಲ್ಲಿ ಬಟ್ಟೆ, ಟೋಪಿಗಳ ಮೇಲಿನ ‘ದಿ’ ಶಬ್ದಕ್ಕೇ ಟ್ರೇಡ್‌ಮಾರ್ಕ್ ಪಡೆಯಿತು. ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬಾರಿ ಬರುವ ಶಬ್ದ ಅದು. ಕಾಲೇಜು ಆಟೋಟಗಳ ಮಾರುಕಟ್ಟೆಯಲ್ಲಿ ಅದನ್ನು ಟೋಪಿಯ ಮೇಲೆ ಬರೆದು ಮಾರಬೇಕಾದರೆ ಇನ್ನು ಆ ವಿಶ್ವವಿದ್ಯಾಲಯವನ್ನು ಕೇಳಬೇಕು.

ಆದ್ದರಿಂದ ಮಾತಾಡುವಾಗ ‘ದಿ’ ಬಿಟ್ಟುಹೋದರೆ ನಾಚಬೇಡಿ. ಎದುರಿನವರು ತಿದ್ದಿದರೆ ಅವರು ಬ್ರಿಟನ್ ಕಡೆಯೋ ಅಮೆರಿಕ ಕಡೆಯೋ ಎಂದು ಕೇಳಿ, ಮಾತು ಬೇರೆಡೆಗೆ ಹೋಗುತ್ತದೆ. ಕರಾರುಪತ್ರಕ್ಕೆ ಸಹಿ ಹಾಕುವಾಗ ಮಾತ್ರ ಒಂದೊಂದನ್ನೂ ಎಣಿಸಿ ಓದಿ. ಇನ್ನು ಸಾಲ ಕೇಳಲು ಬಂದವರ ಹತ್ತಿರ ‘ಐ ಹ್ಯಾವ್ ಲಿಟಲ್ ಮನಿ’ ಅನ್ನಿ, ಇಲ್ಲವೆಂದೇ ಅರ್ಥ. ಬಾಯಿತಪ್ಪಿ ನಡುವೆ ಒಂದು ‘ಎ’ ಸೇರಿಸಿದಿರೋ, ಸ್ವಲ್ಪ ಇದೆ ಎಂದಾಗುತ್ತದೆ, ಆಮೇಲೆ ಕೊಡಲೇಬೇಕು.