ಷಡ್ಡಕರಿಗೆ ಪ್ಲಾಟು ಸಿಕ್ಕಿತು

ಇಂಗ್ಲೆಂಡಿಗೆ ಬಂದ ಕನ್ನಡಿಗ ಮೊದಲು ಮನೆ ಹುಡುಕುತ್ತಾನೆ, ಆಮೇಲೆ ಒಳ್ಳೆ ತೆಂಗಿನಕಾಯಿ ಸಿಗುವ ಅಂಗಡಿ ಹುಡುಕುತ್ತಾನೆ. ಎರಡೂ ಸಿಕ್ಕಿ ಕೈ ತುರಿಸತೊಡಗಿದರೆ ಅಲಾಟ್‌ಮೆಂಟಿಗೆ ಅರ್ಜಿ ಹಾಕುತ್ತಾನೆ. ತರಕಾರಿ ಬೆಳೆದುಕೊಳ್ಳಲೆಂದು ಊರಿನ ಕೌನ್ಸಿಲ್ಲು ವರ್ಷದ ಬಾಡಿಗೆಗೆ ಕೊಡುವ ನೆಲ ಅದು. 1908ರ ಕಾಯಿದೆಯ ಕಾಲದಿಂದ ನಡೆದುಬಂದ ಏರ್ಪಾಟು. ಕಾಯುವವರ ಪಟ್ಟಿಯೂ ಅಷ್ಟೇ ಉದ್ದ. ಬಿಡಿಎ ಸೈಟಿಗೆ ಕಾದು ಪಳಗಿದ ಮನೆತನದವರಾದ್ದರಿಂದ ನಮ್ಮ ಷಡ್ಡಕರು ಅಲುಗಾಡದೆ ಕಾದರು. ಪತ್ರ ಬಂದ ಸಂಜೆಯೇ ಫೋನು.

“ಭಾವ, ಹತ್ತು ರಾಡು!”

ಇಲ್ಲಿಯವರು ಈಗಲೂ ಅಲಾಟ್‌ಮೆಂಟನ್ನು ಅಳೆಯೋದು ರಾಡಿನಲ್ಲೇ. ಹತ್ತು ರಾಡೆಂದರೆ ಸುಮಾರು 250 ಚದರ ಮೀಟರ್. ನಮ್ಮ ಲೆಕ್ಕಕ್ಕೆ ಎರಡು ಥರ್ಟಿ ಫಾರ್ಟಿ ಸೈಟು, ಜೊತೆಗೆ ಕಾರು ನಿಲ್ಲಿಸುವಷ್ಟು ಜಾಗ. ಕಾಗದದ ಮೇಲೆ ಇಷ್ಟೇ. ಗುದ್ದಲಿ ಹಿಡಿದು ನಿಂತವನಿಗೆ ಅದೇ ಲಾಲ್‌ಬಾಗ್. ಅರ್ಧ ಪ್ಲಾಟು ಕೇಳಿ ಅಂದೆ. ಕೇಳುವವರೇ? ಅಷ್ಟರಲ್ಲಿ ಬೆಳೆಗಳ ಪಟ್ಟಿ ತಯಾರಾಗಿತ್ತು: ಬೆಂಡೆ, ಹೀರೆ, ಮಟ್ಟುಗುಳ್ಳ, ನುಗ್ಗೆ.

ನುಗ್ಗೆ! ಬಕೆಟ್ಟಿನ ನೀರು ಕಲ್ಲಾಗುವ ಊರಿನಲ್ಲಿ! “ಇವ್ರು ಬೆಂಗ್ಳೂರಲ್ಲಿ ತುಳಸಿಗೂ ನೀರು ಹಾಕಿದವರಲ್ಲ ಭಾವ,” ಎಂದು ಹಿಂದಿನಿಂದ ನಾದಿನಿಯ ದನಿ ಕೇಳಿತು.

ಬೆಂಡೆಗೆ ಬೇಕಿರೋದು ನಮ್ಮ ಏಪ್ರಿಲ್ಲಿನ ಧಗೆ. ಇಲ್ಲಿ ಮೇ ಮಧ್ಯದವರೆಗೂ ಯಾವ ರಾತ್ರಿ ಹಿಮ ಕಡಿಯುತ್ತದೋ ಹೇಳಲಾಗದು. ಗಾಜಿನ ಮನೆ ಇಲ್ಲದೆ ಬೆಂಡೆ ಹಾಕಿದರೆ ಗಿಡ ಗೇಣುದ್ದ ಬಂದು ಮುನಿಸಿಕೊಂಡು ಕೂತುಬಿಡುತ್ತದೆ. ಹೊಸಬರ ಬಾಯಲ್ಲಿ ಊರಿನ ರುಚಿ, ಕಾಲಡಿಯಲ್ಲಿ ಇಲ್ಲಿನ ಮಣ್ಣು. ಬೆಳೆ ಆರಿಸುವಾಗ ಮಾತ್ರ ಬಾಯಿಯ ಮಾತು ಕೇಳಬಾರದು. ಯಾವುದು ಇಲ್ಲಿ ತಾನಾಗಿ ಬರುತ್ತದೋ ಅದನ್ನು ಹಾಕಿ, ಒಗ್ಗರಣೆಯಿಂದ ಅದಕ್ಕೆ ಪೌರತ್ವ ಕೊಡಬೇಕು.

ಮೊದಲು ಆಲೂಗಡ್ಡೆ. ಗುಡ್ ಫ್ರೈಡೇ ಹೊತ್ತಿಗೆ ಗಡ್ಡೆ ಊರೋದು ಇಲ್ಲಿನ ಹಳಬರ ವಾಡಿಕೆ. ನಾಲ್ಕು ದಿನ ಆಚೀಚೆ ಆದರೆ ಆಲೂಗಡ್ಡೆಯೇನೂ ಪಂಚಾಂಗ ನೋಡುವುದಿಲ್ಲ. ಬೇಗ ಬರುವ ಅರ್ಲಿ ತಳಿಯನ್ನೇ ತನ್ನಿ, ಹತ್ತು ಹನ್ನೆರಡು ವಾರಕ್ಕೆ ಕೈಗೆ ಸಿಗುತ್ತದೆ. ತಡವಾಗಿ ಬರುವ ತಳಿಗಳನ್ನು ಆಗಸ್ಟಿನ ಮಳೆಯಲ್ಲಿ ಅಂಗಮಾರಿ ರೋಗ ಹಿಡಿದು ಕಪ್ಪಾಗಿಸುವ ಹೊತ್ತಿಗೆ ನಿಮ್ಮದು ಅಡುಗೆಮನೆ ಸೇರಿರುತ್ತದೆ. ಎಲೆ ಮೇಲೆದ್ದಂತೆ ಬುಡಕ್ಕೆ ಮಣ್ಣು ಏರಿಸುತ್ತಿರಬೇಕು, ಬಿಸಿಲು ತಾಗಿದ ಗಡ್ಡೆ ಹಸಿರಾಗಿ ತಿನ್ನಲು ಬಾರದು. ಇನ್ನೊಂದು ಲಾಭ: ಊರುವುದಕ್ಕೆ, ಮಣ್ಣೇರಿಸುವುದಕ್ಕೆ, ಕೀಳುವುದಕ್ಕೆ ಅಂತ ಅಗೆದೂ ಅಗೆದೂ ಕಳೆಯೆಲ್ಲ ಹೋಗಿ ನೆಲ ಹದವಾಗಿರುತ್ತದೆ. ಷಡ್ಡಕರ ಹೊಟ್ಟೆಗೂ ಅಷ್ಟು ವ್ಯಾಯಾಮ ಬೇಕಿತ್ತು ಅನ್ನೋದು ನಾದಿನಿಯ ಅಭಿಪ್ರಾಯ.

ಆಮೇಲೆ ಬ್ರಾಡ್ ಬೀನ್. ನನ್ನನ್ನು ಕೇಳಿದರೆ ಇಡೀ ಇಂಗ್ಲೆಂಡಿನಲ್ಲಿ ಕನ್ನಡಿಗನ ಕಷ್ಟ ಅರಿತ ತರಕಾರಿ ಇದೊಂದೇ. ನವೆಂಬರಿನಲ್ಲಿ ಬೀಜ ಒತ್ತಿದರೆ ಚಳಿಗಾಲವನ್ನು ಪುಟ್ಟ ಸಸಿಯಾಗಿ ಕಳೆದು ಜೂನ್ ಹೊತ್ತಿಗೆ ಕಾಯಿ ಬಿಡುತ್ತದೆ. ಹೆಬ್ಬೆರಳಗಲದ ಕಾಳು, ಮೇಲೆ ದಪ್ಪ ಸಿಪ್ಪೆ. ಬಿಸಿನೀರಿಗೆ ಹಾಕಿ ತೆಗೆದು ಹಿತುಕಿದರೆ ಪಚ್ಚೆಹಸಿರು ಬೇಳೆ ಚಿಮ್ಮಿ ತಟ್ಟೆಗೆ ಬೀಳುತ್ತದೆ. ಸೊಗಡು ಅವರೆಯ ಘಮ ಇಲ್ಲ, ನಿಜ. ಆದರೆ ಹಿತುಕಿದ ಬೇಳೆ ಸಾರಿನ ಮಸಾಲೆಯಲ್ಲಿ ಬೆಂದ ಮೇಲೆ, ಗೊತ್ತಿಲ್ಲದವರು ಎರಡನೇ ಸಲ ಬಡಿಸಿಕೊಳ್ಳುತ್ತಾರೆ. ಗಿಡದ ತುದಿಗೆ ಕಪ್ಪು ಹೇನು ಮುತ್ತುವುದೊಂದು ಪೀಡೆ. ಕಾಯಿ ಕಟ್ಟಲು ಶುರುವಾದ ತಕ್ಷಣ, ಹೇನು ಬರುವುದಕ್ಕೆ ಮೊದಲೇ ತುದಿ ಚಿವುಟಿಬಿಡಿ. ಚಿವುಟಿದ ಎಳೆ ಸೊಪ್ಪು ಪಲ್ಯಕ್ಕಾಗುತ್ತದೆ.

ರನ್ನರ್ ಬೀನ್ಸಿಗೆ ನಾಲ್ಕು ಗಳ ನಿಲ್ಲಿಸಿದರೆ ಸಾಕು, ಕೆಂಪು ಹೂ ಹೊತ್ತು ತಾನೇ ಹತ್ತುತ್ತದೆ. ಎಳೆಯದಾಗಿ ಕೀಳದಿದ್ದರೆ ನಾರು ಹಲ್ಲಿಗೆ ಸಿಕ್ಕುತ್ತದೆ. ಬೀಟ್ರೂಟು, ಬಸ್ಸಾರಿಗೆ ಚಾರ್ಡ್ ಸೊಪ್ಪು, ಅಕ್ಟೋಬರಿನಲ್ಲಿ ಊರಿ ಮರೆತುಬಿಡಬಹುದಾದ ಬೆಳ್ಳುಳ್ಳಿ: ಇವಕ್ಕೆ ಯಾರ ಉಪದೇಶವೂ ಬೇಡ. ಮೆಂತ್ಯಕ್ಕೆ ಬೀಜದಂಗಡಿಗೂ ಹೋಗಬೇಕಿಲ್ಲ, ಒಗ್ಗರಣೆ ಡಬ್ಬಿಯದನ್ನೇ ಚೆಲ್ಲಿ. ಹೂಕೋಸು ಮಾತ್ರ ಮೊದಲ ವರ್ಷ ಬೇಡ. ಪಾರಿವಾಳ, ಮರಿಹುಳು ಎರಡಕ್ಕೂ ಉಣಬಡಿಸಿ ಉಳಿದದ್ದು ನಿಮಗೆ. ಗೊಂಡೆಹುಳ (ಇಲ್ಲಿಯವರ ಸ್ಲಗ್) ಅಂತೂ ರಾತ್ರಿ ಪಾಳಿಯ ನೌಕರ. ಅದಕ್ಕೆಂದು ಬಟ್ಟಲಲ್ಲಿ ಬಿಯರ್ ಸುರಿದು ಮಣ್ಣಲ್ಲಿ ಹೂತಿಡುವ ಪದ್ಧತಿ ಇದೆ. ಈ ಒಂದು ಸಲಹೆಯನ್ನು ಷಡ್ಡಕರು ಬರೆದುಕೊಂಡರು. ಬಟ್ಟಲಿಗೆ ಹೋದದ್ದೆಷ್ಟು, ಬಾಯಿಗೆ ಹೋದದ್ದೆಷ್ಟು ಅನ್ನುವ ಲೆಕ್ಕ ನಾದಿನಿ ಇಟ್ಟಿದ್ದಾಳೆ.

ಇನ್ನು ಕೂರ್ಜೆಟ್. ಎಳೆ ಸೋರೆಯ ತಂಗಿಯಂತಿರುವ ಈ ಕಾಯಿಯನ್ನು ಬೆಳೆಸಲಾರದವನು ಇನ್ನೂ ಹುಟ್ಟಿಲ್ಲ. ಹಿಮದ ಭಯ ಕಳೆದ ಮೇಲೆ ಸಸಿ ನೆಟ್ಟರೆ ಜುಲೈಯಿಂದ ಕಾಯಿ ಬರುತ್ತದೆ, ಬರುತ್ತಲೇ ಇರುತ್ತದೆ. ಎರಡು ದಿನ ಬಿಟ್ಟು ಹೋದರೆ ಎಲೆಮರೆಯ ಬೆರಳುದ್ದದ ಕಾಯಿ ಮೊಳಕೈ ಗಾತ್ರವಾಗಿ ಮಲಗಿರುತ್ತದೆ. ಮಜ್ಜಿಗೆಹುಳಿ, ಕೂಟು, ದೋಸೆ, ಪಲ್ಯ, ಕೊನೆಗೆ ಹಲ್ವಾ. ಆಮೇಲೆ ಹಂಚುವ ಕಾಲ. ಕನ್ನಡ ಸಂಘದ ಕಾರ್ಯಕ್ರಮಕ್ಕೆ ಚೀಲ ಹಿಡಿದು ಬಂದವರನ್ನು ಕಂಡರೆ ಜನ ಚಪ್ಪಲಿ ಹುಡುಕತೊಡಗುತ್ತಾರೆ. ಅದಕ್ಕೇ ಹೇಳಿದ್ದೆ, ಮನೆಗೆ ಒಂದು ಗಿಡ, ಹೆಚ್ಚೆಂದರೆ ಎರಡು.

ಮೊನ್ನೆ ಮತ್ತೆ ಫೋನು ಬಂತು.

“ಭಾವ, ಕೂರ್ಜೆಟ್ ಎಂಟು ಗಿಡ ಹಾಕಿದೀನಿ. ಎಲ್ಲಾ ಚೆನ್ನಾಗಿ ಹಿಡ್ಕೊಂಡಿವೆ. ಆಗಸ್ಟಲ್ಲಿ ನಿಮ್ಮನೇಗೆ ಬರ್ತೀವಿ, ಬರಿಗೈಲಿ ಬರಲ್ಲ.”

ಫೋನಿಟ್ಟವನೇ ಹೆಂಡತಿಯನ್ನು ಕರೆದು, ಆಗಸ್ಟಿಗೆ ಬೆಂಗಳೂರಿನ ಟಿಕೆಟ್ಟು ಎಷ್ಟಾಗುತ್ತೆ ನೋಡು ಅಂದೆ.